ಧ್ವಜ ಏರಿಸೋದು ಪ್ರಧಾನಿ, ಸೆಲ್ಯೂಟ್ ಕೊಡೋದು ಸೇನೆ: ಆಗಸ್ಟ್ 15ಕ್ಕೂ ಸೈನಿಕನ ಕರ್ತವ್ಯಕ್ಕೂ ಏನು ನಂಟು? ಇಲ್ಲಿದೆ ವಿವರ

ಮಡಿಕೇರಿ: ಆಗಸ್ಟ್ 15 ಬಂತು ಅಂದ್ರೆ ನಮ್ಮ ಜಿಲ್ಲೆಯಲ್ಲಿ ಎರಡು ಹೆಸರು ಕೇಳದೆ ದಿನ ಮುಗಿಯಲ್ಲ. ಒಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಇನ್ನೊಂದು ಜನರಲ್ ತಿಮ್ಮಯ್ಯ. ಭಾಷಣದಲ್ಲಿ, ಶಾಲೆ ಮಕ್ಕಳ ನೃತ್ಯರೂಪಕದಲ್ಲಿ, ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಎಲ್ಲ ಕಡೆ ಇವರೇ. ಆದರೆ ಒಂದು ವಿಷಯ ಗಮನಿಸಿದ್ದೀರಾ? ಸೇನೆಗೇ ಹೆಸರಾದ ಕೊಡಗಿನಲ್ಲೂ ಜಿಲ್ಲಾ ಮಟ್ಟದ ಸ್ವಾತಂತ್ರ್ಯೋತ್ಸವದ ಪಥಸಂಚಲನದಲ್ಲಿ ಸಾಮಾನ್ಯವಾಗಿ ಕಾಣೋದು ಪೊಲೀಸರು, ಗೃಹರಕ್ಷಕ ದಳ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್, ಶಾಲಾ ಮಕ್ಕಳು. ಧ್ವಜಾರೋಹಣ ಮಾಡೋದು ಉಸ್ತುವಾರಿ ಸಚಿವರು. ಮಾಜಿ ಸೈನಿಕರು ಕುರ್ಚಿಯಲ್ಲಿ ಕೂತು ನೋಡ್ತಾರೆ. ಸೇವೆಯಲ್ಲಿರುವ ಸೇನೆ ಮೈದಾನದಲ್ಲಿ ಇರಲ್ಲ.

ಯಾಕೆ ಹೀಗೆ? ಇದು ಮರೆತುಬಿಟ್ಟ ವಿಷಯ ಅಲ್ಲ. ಸ್ವತಂತ್ರ ಭಾರತ ತನ್ನ ಸೇನೆಯನ್ನು ಎಲ್ಲಿ ನಿಲ್ಲಿಸಬೇಕು, ಯಾರ ಮಾತು ಕೇಳಿಸಬೇಕು ಅಂತ ಯೋಚಿಸಿ ಮಾಡಿದ ಏರ್ಪಾಡು. ಸೈನಿಕನ ಕರ್ತವ್ಯ ಅಂದ್ರೆ ಗಡಿಯಲ್ಲಿ ಗುಂಡು ಹಾರಿಸೋದು ಮಾತ್ರ ಅಂತ ತಿಳ್ಕೊಂಡವರು ಈ ಏರ್ಪಾಡನ್ನು ಸ್ವಲ್ಪ ತಿಳಿಯಬೇಕು. ಅದರ ಜತೆಗೆ, ಸೈನಿಕನ ಕಡೆಗೆ ನಮ್ಮ ಕರ್ತವ್ಯ ಏನು ಅನ್ನೋದೂ ಗೊತ್ತಿರಬೇಕು.

ಆಗಸ್ಟ್ 15 ಬೇರೆ, ಜನವರಿ 26 ಬೇರೆ

ಮೊದಲು ದೆಹಲಿಯಲ್ಲಿ ಏನಾಗುತ್ತೆ ನೋಡೋಣ. ಆಗಸ್ಟ್ 15ರಂದು ಕೆಂಪುಕೋಟೆಗೆ ಬರುವ ಪ್ರಧಾನಿಗೆ ಭೂಸೇನೆ, ನೌಕಾಪಡೆ, ವಾಯುಪಡೆ ಮತ್ತು ದೆಹಲಿ ಪೊಲೀಸರು ಸೇರಿ ಗೌರವ ವಂದನೆ ಕೊಡ್ತಾರೆ. ಆಮೇಲೆ ಪ್ರಧಾನಿ ಧ್ವಜ ಏರಿಸ್ತಾರೆ. ಆ ಹೊತ್ತಿಗೆ 21 ಕುಶಾಲತೋಪು ಹಾರುತ್ತೆ, ಸಮವಸ್ತ್ರದಲ್ಲಿರುವವರೆಲ್ಲ ಸೆಲ್ಯೂಟ್ ಹೊಡೆದು ನಿಲ್ತಾರೆ. ಟ್ಯಾಂಕು, ಕ್ಷಿಪಣಿಗಳ ಮೆರವಣಿಗೆ ಅಲ್ಲಿ ಇರಲ್ಲ. ಜನರಿಂದ ಆಯ್ಕೆಯಾದ ಸರ್ಕಾರದ ಮುಖ್ಯಸ್ಥರು ಜನರಿಗೆ ಮಾತಾಡುವ ದಿನ ಅದು.

ಟ್ಯಾಂಕು, ಕ್ಷಿಪಣಿ, ರೆಜಿಮೆಂಟ್‌ಗಳ ದೊಡ್ಡ ಪೆರೇಡ್ ಇರೋದು ಜನವರಿ 26ರಂದು. ಅಲ್ಲಿ ವಂದನೆ ಸ್ವೀಕರಿಸೋದು ರಾಷ್ಟ್ರಪತಿ. ಯಾಕಂದ್ರೆ ಸಂವಿಧಾನದ 53ನೇ ವಿಧಿ ಪ್ರಕಾರ ರಕ್ಷಣಾ ಪಡೆಗಳ ಸರ್ವೋಚ್ಚ ಅಧಿಕಾರ ಇರೋದು ರಾಷ್ಟ್ರಪತಿ ಕೈಯಲ್ಲಿ. ಎರಡು ದಿನವೂ ಒಂದು ವಿಷಯ ಮಾತ್ರ ಒಂದೇ: ಸೆಲ್ಯೂಟ್ ಕೊಡೋದು ಸೇನೆ, ತೆಗೆದುಕೊಳ್ಳೋದು ಸಮವಸ್ತ್ರ ಇಲ್ಲದವರು.

ಇದು ಈಗ ನಮಗೆ ಸಹಜ ಅನಿಸುತ್ತೆ. 1947ರಲ್ಲಿ ಅಷ್ಟು ಸಹಜ ಆಗಿರಲಿಲ್ಲ.

ದೇಶ ಸ್ವತಂತ್ರವಾಯ್ತು, ಸೇನೆ ಇನ್ನೂ ಬ್ರಿಟಿಷರ ಕೈಯಲ್ಲಿತ್ತು

1947ರ ಆಗಸ್ಟ್ 15ರಂದು ಅಧಿಕಾರ ನಮಗೆ ಬಂತು. ಕೆಂಪುಕೋಟೆಯಲ್ಲಿ ನೆಹರೂ ಮೊದಲ ಸಲ ಧ್ವಜ ಹಾರಿಸಿದ್ದು ಮರುದಿನ, ಆಗಸ್ಟ್ 16ಕ್ಕೆ. ಆದರೆ ಅವತ್ತು ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದವರು ಭಾರತೀಯರಲ್ಲ, ಜನರಲ್ ರಾಬ್ ಲಾಕ್‌ಹಾರ್ಟ್ ಎಂಬ ಬ್ರಿಟಿಷ್ ಅಧಿಕಾರಿ. ಅವರಾದ ಮೇಲೆ ಬಂದ ಜನರಲ್ ರಾಯ್ ಬುಚರ್ ಕೂಡ ಬ್ರಿಟಿಷರೇ.

ಇನ್ನೊಂದು ಕಡೆ, ಇದ್ದ ಒಂದೇ ಸೇನೆಯನ್ನು ಎರಡು ದೇಶಕ್ಕೆ ಪಾಲು ಮಾಡುವ ಕೆಲಸ ನಡೀತಿತ್ತು. ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಭಾರತಕ್ಕೆ, ಒಂದು ಪಾಲು ಪಾಕಿಸ್ತಾನಕ್ಕೆ. ಒಂದೇ ಮೆಸ್‌ನಲ್ಲಿ ಊಟ ಮಾಡಿದವರು ಬೇರೆ ಬೇರೆ ರೈಲು ಹತ್ತಿದರು.

ಸ್ವಾತಂತ್ರ್ಯ ಬಂದು 73ನೇ ದಿನಕ್ಕೆ, ಅಂದ್ರೆ ಅಕ್ಟೋಬರ್ 27ರಂದು, ನಮ್ಮ ಸೈನಿಕರು ವಿಮಾನದಲ್ಲಿ ಶ್ರೀನಗರಕ್ಕೆ ಇಳಿಯಬೇಕಾಯ್ತು. ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ನೇತೃತ್ವದ ಸಿಖ್ ರೆಜಿಮೆಂಟಿನ ಒಂದನೇ ಬೆಟಾಲಿಯನ್ ಮೊದಲು ಹೋಯ್ತು. ಇವತ್ತಿಗೂ ಅಕ್ಟೋಬರ್ 27ನ್ನು ಪದಾತಿ ದಳದ ದಿನ ಅಂತ ಆಚರಿಸೋದು ಇದಕ್ಕೇ. ಆ ಯುದ್ಧದ ವಿಚಿತ್ರ ಏನು ಗೊತ್ತಾ? ಎದುರುಬದುರು ಹೋರಾಡುತ್ತಿದ್ದ ಎರಡೂ ಸೇನೆಗಳ ಮುಖ್ಯಸ್ಥರು ಬ್ರಿಟಿಷ್ ಅಧಿಕಾರಿಗಳೇ ಆಗಿದ್ದರು.

ಆ ಯುದ್ಧದಲ್ಲೇ ನಮ್ಮ ತಿಮ್ಮಯ್ಯ ಹೆಸರು ದೊಡ್ಡದಾಗಿದ್ದು. ಸಮುದ್ರಮಟ್ಟದಿಂದ 11 ಸಾವಿರ ಅಡಿಗಿಂತ ಎತ್ತರದ ಜೋಜಿ ಲಾ ಕಣಿವೆದಾರಿಗೆ 1948ರ ನವೆಂಬರ್ 1ರಂದು ಟ್ಯಾಂಕುಗಳನ್ನು ಹತ್ತಿಸಿದ್ದು ಅವರ ನೇತೃತ್ವದ 19ನೇ ಡಿವಿಜನ್. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದು ಅಂತ ಎದುರಾಳಿ ಅಂದುಕೊಂಡೇ ಇರಲಿಲ್ಲ. ಲಡಾಖ್ ಉಳಿಯಲು ಆ ದಾಳಿ ದೊಡ್ಡ ಕಾರಣ.

ಕೊನೆಯ ಬ್ರಿಟಿಷ್ ಪದಾತಿ ಪಡೆ ಮುಂಬೈನ ಗೇಟ್‌ವೇ ಆಫ್ ಇಂಡಿಯಾದಿಂದ ಹಡಗು ಹತ್ತಿ ಹೊರಟಿದ್ದು 1948ರ ಫೆಬ್ರುವರಿ 28ಕ್ಕೆ. 1949ರ ಜನವರಿ 15ರಂದು ಬುಚರ್ ಅವರಿಂದ ಅಧಿಕಾರ ತೆಗೆದುಕೊಂಡ ಕಾರ್ಯಪ್ಪ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಜನವರಿ 15 ಸೇನಾ ದಿನ ಆಗಿದ್ದು ಹೀಗೆ. ಶನಿವಾರಸಂತೆಯಲ್ಲಿ ಹುಟ್ಟಿದ ಹುಡುಗ ಅಲ್ಲಿಗೆ ತಲುಪಿದ್ದ. ಲೆಕ್ಕ ಹಾಕಿದ್ರೆ ದೇಶ ಸ್ವತಂತ್ರವಾಗಿ 17 ತಿಂಗಳ ನಂತರ ಸೇನೆಯ ನಾಯಕತ್ವ ನಮ್ಮದಾಯ್ತು. ವಾಯುಪಡೆಗೆ 1954ರವರೆಗೆ, ನೌಕಾಪಡೆಗೆ 1958ರವರೆಗೆ ಕಾಯಬೇಕಾಯ್ತು.

ಬಂಗಲೆ ಬದಲಾಯ್ತು, ಹುದ್ದೆಯ ಹೆಸರೂ ಬದಲಾಯ್ತು

ಬ್ರಿಟಿಷರ ಕಾಲದಲ್ಲಿ ವೈಸ್‌ರಾಯ್ ಬಿಟ್ಟರೆ ದೇಶದಲ್ಲಿ ಎರಡನೇ ದೊಡ್ಡ ಮನುಷ್ಯ ಅಂದ್ರೆ ಸೇನೆಯ ಕಮಾಂಡರ್ ಇನ್ ಚೀಫ್. ಆತ ಬರೀ ಸೇನಾಧಿಕಾರಿ ಅಲ್ಲ, ವೈಸ್‌ರಾಯ್ ಆಡಳಿತ ಮಂಡಳಿಯ ಸದಸ್ಯ ಕೂಡ. ಅಂದ್ರೆ ಆಳುವವರಲ್ಲಿ ಒಬ್ಬ.

ಸ್ವತಂತ್ರ ಭಾರತ ಇದನ್ನು ಒಂದೊಂದಾಗಿ ಕಳಚಿತು. ದೆಹಲಿಯಲ್ಲಿ ಕಮಾಂಡರ್ ಇನ್ ಚೀಫ್‌ಗೆ ಅಂತ ಕಟ್ಟಿಸಿದ್ದ ದೊಡ್ಡ ಬಂಗಲೆ ಪ್ರಧಾನಿ ನಿವಾಸವಾಯ್ತು. ಅದೇ ತೀನ್ ಮೂರ್ತಿ ಭವನ. ರಕ್ಷಣಾ ಖಾತೆಗೆ ಸಂಸತ್ತಿಗೆ ಉತ್ತರ ಕೊಡಬೇಕಾದ ಮಂತ್ರಿ ಬಂದರು. 1955ರ ಏಪ್ರಿಲ್ 1ರಿಂದ ಕಮಾಂಡರ್ ಇನ್ ಚೀಫ್ ಅನ್ನುವ ಹೆಸರನ್ನೇ ತೆಗೆದು, ಮೂರು ಪಡೆಗೂ ಬೇರೆ ಬೇರೆ ಸಿಬ್ಬಂದಿ ಮುಖ್ಯಸ್ಥರು ಅಂತ ಮಾಡಿದರು. ಆದೇಶ ಕೊಡೋದು ಚುನಾಯಿತ ಸರ್ಕಾರ, ಅದನ್ನು ಹೇಗೆ ಜಾರಿ ಮಾಡಬೇಕು ಅನ್ನೋದು ಸೇನೆಯ ಪರಿಣತಿ.

ಇದೇ ಹೊತ್ತಿಗೆ ಸ್ವತಂತ್ರವಾದ ಸುತ್ತಮುತ್ತಲ ದೇಶಗಳನ್ನು ನೋಡಿ. ಪಾಕಿಸ್ತಾನದಲ್ಲಿ 1958ಕ್ಕೇ ಸೇನಾ ಆಡಳಿತ ಬಂತು. ಬರ್ಮಾದಲ್ಲಿ 1962ಕ್ಕೆ ಸೇನೆ ಅಧಿಕಾರ ಹಿಡಿಯಿತು. ನಮ್ಮಲ್ಲಿ ಇವತ್ತಿನವರೆಗೂ ಅದು ಆಗಿಲ್ಲ. ಇದಕ್ಕೆ ಸಂವಿಧಾನ ಎಷ್ಟು ಕಾರಣವೋ, ಅದನ್ನು ಒಪ್ಪಿ ನಡೆದ ಸೇನಾಧಿಕಾರಿಗಳೂ ಅಷ್ಟೇ ಕಾರಣ.

ತಿಮ್ಮಯ್ಯ ರಾಜೀನಾಮೆ ಕೊಟ್ಟಾಗ ಏನಾಯ್ತು?

ಇದಕ್ಕೆ ನಮ್ಮೂರಿನವರದ್ದೇ ಉದಾಹರಣೆ ಇದೆ. ತಿಮ್ಮಯ್ಯ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಆಗ ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್. ಬಡ್ತಿ ವಿಚಾರ, ಸೇನೆಯ ತಯಾರಿ ವಿಚಾರದಲ್ಲಿ ಇಬ್ಬರಿಗೂ ಸರಿಬರಲಿಲ್ಲ. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಕರೆದು ಮಾತಾಡಿದ ಮೇಲೆ ವಾಪಸ್ ತಗೊಂಡರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸಿಕ್ಕಿ ದೇಶ ಪೂರ್ತಿ ಗದ್ದಲ ಆಯ್ತು. ನಾಗರಿಕ ಸರ್ಕಾರವೇ ಮೇಲು, ಹಾಗೇ ಇರಬೇಕು ಅಂತ ನೆಹರೂ ಸಂಸತ್ತಿನಲ್ಲಿ ಹೇಳಿದರು.

ಇದರಲ್ಲಿ ಯಾರು ಸರಿ, ಯಾರು ತಪ್ಪು ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ. 1962ರಲ್ಲಿ ಚೀನಾ ಯುದ್ಧದಲ್ಲಿ ಏನಾಯ್ತು ಅನ್ನೋದು ಗೊತ್ತಿರುವುದರಿಂದ ತಿಮ್ಮಯ್ಯ ಹೇಳಿದ್ದನ್ನು ಕೇಳಬೇಕಿತ್ತು ಅನ್ನುವವರೇ ನಮ್ಮ ಜಿಲ್ಲೆಯಲ್ಲಿ ಜಾಸ್ತಿ. ಆದರೆ ಗಮನಿಸಬೇಕಾದ್ದು ಇನ್ನೊಂದು. ಸೈನಿಕರು ದೇವರ ಹಾಗೆ ನೋಡುತ್ತಿದ್ದ ಜನರಲ್, ಸಿಟ್ಟು ಬಂದಾಗ ಮಾಡಿದ್ದು ಒಂದು ಕಾಗದ ಬರೆದು ಕೊಟ್ಟಿದ್ದು ಅಷ್ಟೇ. ಸೇನೆಯನ್ನು ತನ್ನ ಬೆನ್ನಿಗೆ ನಿಲ್ಲಿಸಿಕೊಳ್ಳಲಿಲ್ಲ. 1961ರಲ್ಲಿ ನಿವೃತ್ತರಾದರು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿ ಹೋಗಿ, 1965ರ ಡಿಸೆಂಬರ್‌ನಲ್ಲಿ ಅಲ್ಲೇ ಕರ್ತವ್ಯದಲ್ಲಿದ್ದಾಗ ತೀರಿಕೊಂಡರು. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ‘ಸನ್ನಿಸೈಡ್’ ಮನೆ ಈಗ ಸ್ಮಾರಕ ಮತ್ತು ವಸ್ತುಸಂಗ್ರಹಾಲಯ ಆಗಿದೆ. 2021ರ ಫೆಬ್ರುವರಿಯಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ್ದು. ಪ್ರವಾಸಿಗರು ಸೆಲ್ಫಿ ತಗೊಂಡು ಬರ್ತಾರೆ. ಜಿಲ್ಲೆಯ ಮಕ್ಕಳನ್ನು ಅಲ್ಲಿಗೆ ಕರ್ಕೊಂಡು ಹೋದರೆ ಟ್ಯಾಂಕಿನ ಜತೆ ಈ ರಾಜೀನಾಮೆ ಕಥೆಯನ್ನೂ ಹೇಳಬೇಕು.

ಸೇರುವಾಗ ಏನೇನು ಬಿಟ್ಟುಕೊಡ್ತಾರೆ?

ಸೇನೆಗೆ ಸೇರುವ ಪ್ರತಿಯೊಬ್ಬರೂ ಪ್ರಮಾಣ ಮಾಡಬೇಕು. ಸಂವಿಧಾನಕ್ಕೆ ನಿಷ್ಠೆ, ಭೂಮಿ, ಸಮುದ್ರ, ಆಕಾಶ ಎಲ್ಲಿಗೆ ಕಳಿಸಿದರೂ ಹೋಗುವುದು, ಪ್ರಾಣಕ್ಕೆ ಅಪಾಯ ಇದ್ದರೂ ರಾಷ್ಟ್ರಪತಿ ಮತ್ತು ಮೇಲಧಿಕಾರಿಗಳ ಆದೇಶ ಪಾಲಿಸುವುದು, ಇದು ಅದರ ತಿರುಳು. ಪ್ರಮಾಣ ಯಾವ ಪಕ್ಷಕ್ಕೂ ಅಲ್ಲ, ಯಾವ ನಾಯಕರಿಗೂ ಅಲ್ಲ.

ಜೀವ ಪಣಕ್ಕಿಡ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ನಾವು ಮರೆಯೋದು ಇನ್ನೊಂದು ತ್ಯಾಗವನ್ನ. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯ್ದೆಯ 21ನೇ ಸೆಕ್ಷನ್ ಅಡಿ ಸೈನಿಕರು ಯೂನಿಯನ್ ಕಟ್ಟುವುದು, ರಾಜಕೀಯ ಸಭೆ, ಪ್ರತಿಭಟನೆಗೆ ಹೋಗುವುದು, ಪತ್ರಿಕೆಗೆ ಹೇಳಿಕೆ ಕೊಡುವುದು ಇವಕ್ಕೆಲ್ಲ ನಿರ್ಬಂಧ ಇದೆ. ನಾವು ರಸ್ತೆ ಸರಿ ಇಲ್ಲ ಅಂತ ಬೀದಿಗೆ ಇಳಿಯಬಹುದು, ಕರೆಂಟ್ ಬಂದಿಲ್ಲ ಅಂತ ವಿಡಿಯೊ ಹಾಕಬಹುದು. ಸೇವೆಯಲ್ಲಿರುವ ಸೈನಿಕ ಊಟ ಚೆನ್ನಾಗಿಲ್ಲ ಅಂತ ಫೇಸ್‌ಬುಕ್‌ನಲ್ಲಿ ಹಾಕುವಂತಿಲ್ಲ. ನಮಗೆ ಸ್ವಾತಂತ್ರ್ಯ ಇರಲಿ ಅಂತ ತನ್ನ ಸ್ವಾತಂತ್ರ್ಯದಲ್ಲಿ ಒಂದು ಪಾಲು ಬಿಟ್ಟುಕೊಟ್ಟವನು ಅವನು. ಮತದಾನದ ಹಕ್ಕು ಮಾತ್ರ ಪೂರ್ತಿ ಇದೆ. ಸೇವಾ ಮತದಾರರು ಅಂತ ನೋಂದಾಯಿಸಿಕೊಂಡು ಅಂಚೆ ಮತ ಹಾಕಬಹುದು.

ಹಾಗಾಗಿ ಒಂದು ವಿನಂತಿ. ಸೈನಿಕರ ಫೋಟೊವನ್ನು ಪಕ್ಷದ ಫ್ಲೆಕ್ಸ್‌ನಲ್ಲಿ ಹಾಕೋದು, ರಜೆಗೆ ಬಂದ ಸೈನಿಕನನ್ನು ಪಕ್ಷದ ವೇದಿಕೆಗೆ ಹತ್ತಿಸೋದು ಗೌರವ ಅಲ್ಲ. ಅವನ ಕೆಲಸಕ್ಕೇ ಕುತ್ತು ಬರಬಹುದು.

ಊರಿಗೆ ಸೇನೆ ಬರೋದು ಯಾವಾಗ?

2018ರ ಆಗಸ್ಟ್ ನಮ್ಮ ಜಿಲ್ಲೆಯವರು ಮರೆಯಲ್ಲ. ಸ್ವಾತಂತ್ರ್ಯೋತ್ಸವ ಮುಗಿದ ಮರುದಿನದಿಂದಲೇ ಗುಡ್ಡಗಳು ಕುಸಿದವು. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಕಡೆ ಮನೆ, ತೋಟ, ರಸ್ತೆ ಎಲ್ಲ ಕೊಚ್ಚಿಹೋಯ್ತು. ಆಗ ಎನ್‌ಡಿಆರ್‌ಎಫ್, ಅಗ್ನಿಶಾಮಕ ದಳ, ಪೊಲೀಸರು, ಊರಿನ ಯುವಕರ ಜತೆ ಸೇನೆಯವರೂ ಬಂದರು. ಹಗ್ಗ ಕಟ್ಟಿ, ಕೆಸರಲ್ಲಿ ನಡೆದು, ವಯಸ್ಸಾದವರನ್ನು ಹೊತ್ತು ತಂದರು.

ಸೇನೆ ತಾನಾಗಿ ಹೀಗೆ ಬರಲ್ಲ. ನಾಗರಿಕ ಆಡಳಿತ ಕರೀಬೇಕು. ಜಿಲ್ಲಾಡಳಿತ ತನ್ನ ಕೈಯಲ್ಲಿ ಆಗಲ್ಲ ಅಂದಾಗ ರಾಜ್ಯ ಸರ್ಕಾರದ ಮೂಲಕ ಕೇಳುತ್ತೆ. ಬಂದ ಮೇಲೆ ಎಲ್ಲಿ ಹೋಗಬೇಕು, ಯಾರನ್ನು ಮೊದಲು ಕಾಪಾಡಬೇಕು ಅನ್ನೋದನ್ನು ಜಿಲ್ಲಾಡಳಿತದ ಜತೆ ಸೇರಿ ತೀರ್ಮಾನಿಸ್ತಾರೆ. ಆದರೆ ಸೈನಿಕರಿಗೆ ಆದೇಶ ಕೊಡೋದು ಅವರ ಅಧಿಕಾರಿಯೇ. ಕೆಲಸ ಮುಗಿದ ಮೇಲೆ ವಾಪಸ್ ಬ್ಯಾರಕ್‌ಗೆ.

ಗಲಭೆ ಆದಾಗಲೂ ಇದೇ ಕ್ರಮ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ ಪೊಲೀಸರಿಂದ ಗುಂಪು ಚದುರಿಸಲು ಆಗದಿದ್ದರೆ ಮಾತ್ರ ದಂಡಾಧಿಕಾರಿ ಸೇನೆಯ ನೆರವು ಕೇಳಬಹುದು. ಬಂದ ಅಧಿಕಾರಿ ಆದಷ್ಟು ಕಡಿಮೆ ಬಲ ಬಳಸಬೇಕು, ಜನರಿಗೂ ಆಸ್ತಿಗೂ ಆದಷ್ಟು ಕಡಿಮೆ ಹಾನಿ ಮಾಡಬೇಕು ಅಂತ ಕಾನೂನೇ ಹೇಳುತ್ತೆ. ಸಣ್ಣಪುಟ್ಟದಕ್ಕೆಲ್ಲ ‘ಮಿಲಿಟ್ರಿ ಕರೆಸಿ’ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಚರಂಡಿ, ರಸ್ತೆ, ಗುಡ್ಡ ಅಗೆಯುವುದಕ್ಕೆ ಕಡಿವಾಣ, ಇವೆಲ್ಲ ನಾವು ಆರಿಸಿದವರು ಮಾಡಬೇಕಾದ ಕೆಲಸ. ಅದು ಆಗದೆ ಗುಡ್ಡ ಜಾರಿದ ಮೇಲೆ ಸೈನಿಕ ಬಂದು ಎತ್ತಬೇಕು ಅನ್ನೋದು ಸರಿಯಲ್ಲ.

ಶೌರ್ಯ ಮಾಡಿದ್ದು 1965ರಲ್ಲಿ, ಪದಕ ಬಂದಿದ್ದು 1988ರಲ್ಲಿ

ಶೌರ್ಯ ಪ್ರಶಸ್ತಿಗಳು ವರ್ಷಕ್ಕೆ ಎರಡು ಸಲ ಪ್ರಕಟ ಆಗುತ್ತವೆ: ಗಣರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯೋತ್ಸವಕ್ಕೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಈ ಮೂರನ್ನೂ ಸ್ಥಾಪಿಸಿದ್ದು 1950ರ ಜನವರಿ 26ರಂದು. ಆದರೆ ಜಾರಿಗೆ ಬಂದಿದ್ದು 1947ರ ಆಗಸ್ಟ್ 15ರಿಂದಲೇ ಅಂತ ಲೆಕ್ಕ. ಸ್ವತಂತ್ರ ದೇಶಕ್ಕಾಗಿ ಹೋರಾಡಿದ ಮೊದಲ ದಿನದ ಸೈನಿಕನೂ ಬಿಟ್ಟುಹೋಗಬಾರದು ಅಂತ. 1947ರ ನವೆಂಬರ್ 3ರಂದು ಬಡ್ಗಾಮ್‌ನಲ್ಲಿ ಮಡಿದ ಮೇಜರ್ ಸೋಮನಾಥ ಶರ್ಮಾ ಅವರಿಗೆ ಮೊದಲ ಪರಮವೀರ ಚಕ್ರ ಸಿಕ್ಕಿದ್ದು ಹೀಗೆ.

ಆದರೂ ಕೆಲವರು ಬಿಟ್ಟುಹೋಗ್ತಾರೆ. ಮಡಿಕೇರಿಯಲ್ಲಿ ಪ್ರತಿಮೆಯಾಗಿ ನಿಂತಿರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಅನ್ನು ಅವರು ಹೊಡೆದು ಉರುಳಿಸಿದ್ದರು. ಅದು ನಮ್ಮವರಿಗೆ ಗೊತ್ತೇ ಆಗಲಿಲ್ಲ. ವರ್ಷಗಳ ನಂತರ ಒಬ್ಬ ಬ್ರಿಟಿಷ್ ಲೇಖಕರ ಪುಸ್ತಕದಿಂದ ವಿಷಯ ಹೊರಗೆ ಬಂತು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, 23 ವರ್ಷ ಆದ ಮೇಲೆ. ಶೌರ್ಯಕ್ಕೂ ದಾಖಲೆ ಬೇಕು.

‘ಹುತಾತ್ಮ’ ಅಂತೀವಿ, ಕಡತದಲ್ಲಿ ಏನಿರುತ್ತೆ?

ದಾಖಲೆ ಮಾತು ಬಂದಿದ್ದರಿಂದ, ಸೈನಿಕರ ಮನೆಯವರು ಗೊತ್ತಿಟ್ಟುಕೊಳ್ಳಲೇಬೇಕಾದ ಒಂದು ವಿಷಯ. ಸೈನಿಕ ತೀರಿಕೊಂಡರೆ ನಾವು ‘ಹುತಾತ್ಮ’ ಅಂತ ಬರೀತೀವಿ. ಸರ್ಕಾರಿ ಕಡತದಲ್ಲಿ ಆ ಪದ ಇಲ್ಲ. ಇರೋದು ಸಾವಿನ ವರ್ಗ. ‘ಎ’ಯಿಂದ ‘ಇ’ವರೆಗೆ ಐದು ವರ್ಗ, ಅದರ ಮೇಲೆ ಮೂರು ಬಗೆಯ ಕುಟುಂಬ ಪಿಂಚಣಿ:

1. ಸೇವೆಗೆ ಸಂಬಂಧ ಇಲ್ಲದ ಕಾಯಿಲೆ ಮುಂತಾದ ಕಾರಣ: ಸಾಮಾನ್ಯ ಕುಟುಂಬ ಪಿಂಚಣಿ, ಕೊನೆಯ ವೇತನದ ಶೇ 30. ಮೊದಲ ಕೆಲವು ವರ್ಷ ಶೇ 50.
2. ಸೇವೆಯ ಕಾರಣದಿಂದ ಬಂದ ಕಾಯಿಲೆ, ಕರ್ತವ್ಯದಲ್ಲಿದ್ದಾಗ ಅಪಘಾತ: ವಿಶೇಷ ಕುಟುಂಬ ಪಿಂಚಣಿ, ಶೇ 60.
3. ಯುದ್ಧ, ಗಡಿ ಘರ್ಷಣೆ, ಉಗ್ರರ ದಾಳಿ ಮುಂತಾದವು: ಉದಾರೀಕೃತ ಕುಟುಂಬ ಪಿಂಚಣಿ, ಕೊನೆಯ ವೇತನದಷ್ಟೇ, ಅಂದ್ರೆ ಶೇ 100.

ಲೆಕ್ಕ ಸುಲಭ ಆಗಲಿ ಅಂತ ಕೊನೆಯ ವೇತನ 50 ಸಾವಿರ ಅಂತ ಇಟ್ಟುಕೊಳ್ಳಿ. ಒಂದು ವರ್ಗಕ್ಕೆ 15 ಸಾವಿರ, ಇನ್ನೊಂದಕ್ಕೆ 30 ಸಾವಿರ, ಮತ್ತೊಂದಕ್ಕೆ 50 ಸಾವಿರ. ತುಟ್ಟಿಭತ್ಯೆ ಇದರ ಮೇಲೆ. ಎಲ್ಲರ ಅಂತ್ಯಕ್ರಿಯೆಯಲ್ಲೂ ಧ್ವಜ ಹೊದಿಸಿರಬಹುದು, ಎಲ್ಲರಿಗೂ ಜೈಕಾರ ಹಾಕಿರಬಹುದು. ಆದರೆ ಯಾವ ವರ್ಗ ಅಂತ ಬರೆದಿದ್ದಾರೆ ಅನ್ನೋದರ ಮೇಲೆ ಮನೆಯ ಮುಂದಿನ 30, 40 ವರ್ಷ ನಿಂತಿರುತ್ತೆ. ವರ್ಗ ತಪ್ಪಾಗಿದೆ ಅನಿಸಿದರೆ ಮೇಲ್ಮನವಿ ಸಲ್ಲಿಸಬಹುದು, ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೂ ಹೋಗಬಹುದು.

ನಮ್ಮ ಕಡೆಯಿಂದ ಏನು ಮಾಡಬಹುದು?

* ಮಾಜಿ ಸೈನಿಕರ ಮನೆಯವರು ಪಿಪಿಒ, ಡಿಸ್‌ಚಾರ್ಜ್ ಪುಸ್ತಕ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕರಲ್ಲೂ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಒಂದೇ ರೀತಿ ಇದೆಯಾ ನೋಡಿ. ಮದುವೆಗೆ ಮುಂಚಿನ ಹೆಸರು ಒಂದು ಕಡೆ, ಆಮೇಲಿನದು ಒಂದು ಕಡೆ ಇದ್ದರೆ ತೊಂದರೆ ಬರೋದು ಪಿಂಚಣಿದಾರ ತೀರಿಕೊಂಡ ಮೇಲೆ. ಅವರು ಇರುವಾಗಲೇ ಸರಿ ಮಾಡಿಸಿ.
* ರಕ್ಷಣಾ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತೆ. ಪಕ್ಕದ ಮನೆಯ ಅಜ್ಜ, ಅಜ್ಜಿಗೆ ಮೊಬೈಲ್ ಬರದಿದ್ದರೆ ಹತ್ತು ನಿಮಿಷ ಕೂತು ಮಾಡಿಕೊಡಿ.
* ಗೊಂದಲ ಇದ್ದರೆ ಏಜೆಂಟ್ ಹತ್ತಿರ ಹೋಗಬೇಡಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇರೋದೇ ಇದಕ್ಕೆ. ಮಕ್ಕಳ ವಿದ್ಯಾರ್ಥಿವೇತನ, ಮಾಜಿ ಸೈನಿಕರ ಗುರುತಿನ ಚೀಟಿ, ಅವಲಂಬಿತರ ಪ್ರಮಾಣಪತ್ರ ಎಲ್ಲ ಅಲ್ಲೇ ವಿಚಾರಿಸಿ.
* ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೀತಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಸಣ್ಣ ಧ್ವಜ ತಗೊಂಡು ಕೊಡುವ ದುಡ್ಡು ಯುದ್ಧದಲ್ಲಿ ಗಾಯಗೊಂಡವರಿಗೆ, ವೀರನಾರಿಯರಿಗೆ, ಮಾಜಿ ಸೈನಿಕರ ಕುಟುಂಬಕ್ಕೆ ಹೋಗುತ್ತೆ.

ಸಂವಿಧಾನದ 51ಎ ವಿಧಿ ನಾಗರಿಕರ ಮೂಲಭೂತ ಕರ್ತವ್ಯ ಹೇಳುವಾಗ ದೇಶವನ್ನು ರಕ್ಷಿಸುವುದು, ಕರೆ ಬಂದಾಗ ರಾಷ್ಟ್ರಸೇವೆ ಮಾಡುವುದು ಅನ್ನೋದನ್ನೂ ಸೇರಿಸಿದೆ. ಅಂದ್ರೆ ಕರ್ತವ್ಯ ಸೈನಿಕನಿಗೆ ಮಾತ್ರ ಅಲ್ಲ. ಅವನು ಚುನಾಯಿತ ಸರ್ಕಾರದ ಆದೇಶ ಪಾಲಿಸ್ತಾನೆ. ಆ ಸರ್ಕಾರವನ್ನು ಆರಿಸೋದು ನಾವು. ಅವನನ್ನು ಎಲ್ಲಿಗೆ ಕಳಿಸಬೇಕು, ವಾಪಸ್ ಬಂದಾಗ ಹೇಗೆ ನೋಡಿಕೊಳ್ಳಬೇಕು ಅನ್ನೋ ತೀರ್ಮಾನದಲ್ಲಿ ನಮ್ಮ ಒಂದೊಂದು ಮತವೂ ಇದೆ. ಈ ಆಗಸ್ಟ್ 15ರಂದು ಧ್ವಜವಂದನೆ ಮುಗಿಸಿ ಸಿಹಿ ತಿಂದು ಮನೆಗೆ ಹೋಗುವ ದಾರಿಯಲ್ಲಿ ಮಾಜಿ ಸೈನಿಕರ ಮನೆ ಸಿಕ್ಕರೆ ಒಳಗೆ ಹೋಗಿ. ‘ಜೈ ಹಿಂದ್’ ಹೇಳಿ, ಹಾಗೇ ಆ ವರ್ಷದ ಜೀವಂತ ಪ್ರಮಾಣಪತ್ರ ಆಗಿದೆಯಾ ಅಂತಲೂ ಕೇಳಿ ಬನ್ನಿ.